ಸೆಲೆಕ್ಷನ್ ತಪ್ಪಿದ ಕ್ಯಾಪ್ಟನ್

ಕರ್ನಾಟಕದ ಪರ ರಣಜಿ ಆಡಿದವರನ್ನು ಹುಡುಕಿಕೊಂಡು ಹೋಗಬೇಕು. ಕೂದಲೆಳೆಯಲ್ಲಿ ರಣಜಿ ತಪ್ಪಿದವರು ಮಾತ್ರ ಊರಿಗೊಬ್ಬರಂತೆ ತಾವಾಗಿಯೇ ಸಿಗುತ್ತಾರೆ. ತರೀಕೆರೆಯಲ್ಲಿ ಒಬ್ಬರಿದ್ದಾರೆ, ಕಡೂರಲ್ಲಿ ಒಬ್ಬರು. ಹೊಸಪೇಟೆಯಲ್ಲಿ ಇಬ್ಬರಿದ್ದು, ಅವರಿಬ್ಬರಿಗೆ ಪರಸ್ಪರ ಮಾತಿಲ್ಲ. ಆದರೆ ಭದ್ರಾವತಿಯ ನಮ್ಮ ಕ್ಯಾಪ್ಟನ್ ಗತ್ತೇ ಬೇರೆ. ಏಕೆಂದರೆ ಜಿ.ಆರ್. ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಆಡಿ ಬೆಳೆದದ್ದು ಬೆಂಗಳೂರಲ್ಲಲ್ಲವೇ ಎಂದು ಯಾರಾದರೂ ಬಾಯಿಬಿಟ್ಟರೆ, "ಆ ಸ್ಕ್ವೇರ್ ಕಟ್ ಬೆಂಗಳೂರು ನಲ್ಲಿ ನೀರಿಗೆ ಬರುತ್ತೇನೋ? ಅದು ಭದ್ರಾ ನೀರು ಕಣೋ" ಎನ್ನುತ್ತಾರೆ. ಅಲ್ಲಿಗೆ ವಾದ ಮುಗಿಯಿತು.

ಯಾವ ತಂಡಕ್ಕೆ ಕ್ಯಾಪ್ಟನ್ ಎಂದು ಕೇಳಬಾರದು. ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದವರು, ವಯಸ್ಸು ಎಪ್ಪತ್ತು ದಾಟಿದೆ. ಕಾಲಿಗೆ ಕ್ಯಾನ್ವಾಸ್ ಶೂ, ಕೈಯಲ್ಲಿ ಹನ್ನೆರಡು ತಿಂಗಳೂ ಛತ್ರಿ. ಛತ್ರಿ ಮಳೆಗಲ್ಲ, ಶಾಟ್ ತೋರಿಸುವುದಕ್ಕೆ. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಅವರು "ಮ್ಯಾಟಿಂಗ್ ಮೇಲೆ ಚೆಂಡು ಎದೆಮಟ್ಟ ಪುಟಿಯುತ್ತೆ, ಮುಂದೆ ಬಂದ್ಯೋ ಕೆಟ್ಟೆ, ಹಿಂಗಾಲಿಗೆ ಹೋಗಿ…" ಎನ್ನುತ್ತಿದ್ದಂತೆ ಮಾಣಿ ಸಾಂಬಾರಿನ ಬಕೆಟ್ ಹಿಡಿದು ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಆ ಹುಡುಗನಷ್ಟು ಚೆನ್ನಾಗಿ ಪಾಯಿಂಟಿನಲ್ಲಿ ನಿಲ್ಲುವವರನ್ನು ನಾನು ನೋಡಿಲ್ಲ.

ಕ್ಯಾಪ್ಟನ್ ಬಾಯಿಂದ ಕೇಳಲೇಬೇಕಾದ್ದು 1973-74ರ ರಣಜಿ ಸೆಮಿಫೈನಲ್. ಹದಿನೈದು ವರ್ಷ ಬಿಡದೆ ಟ್ರೋಫಿ ಗೆದ್ದಿದ್ದ ಬಾಂಬೆಯನ್ನು ಬೆಂಗಳೂರಿನಲ್ಲಿ ತಡೆದು, ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಕರ್ನಾಟಕ ಮೊದಲ ಸಲ ಚಾಂಪಿಯನ್ ಆದ ವರ್ಷ ಅದು. ನಾವು ಹೈಸ್ಕೂಲಿನಲ್ಲಿದ್ದಾಗ ಕ್ಯಾಪ್ಟನ್ ಆ ಮ್ಯಾಚನ್ನು ಕ್ಷೌರದಂಗಡಿಯ ರೇಡಿಯೋದಲ್ಲಿ ಕೇಳಿದ್ದರು. ನಾವು ಕಾಲೇಜು ಸೇರುವ ಹೊತ್ತಿಗೆ ಸ್ಟೇಡಿಯಮ್ಮಿನ ಗೇಟಿನ ತನಕ ಹೋಗಿದ್ದರು. ನನ್ನ ಮದುವೆಯ ಊಟದ ಪಂಕ್ತಿಯಲ್ಲಿ ವಿಶ್ವನಾಥರ 162 ರನ್ನನ್ನು ಬೌಂಡರಿ ಗೆರೆಯ ಪಕ್ಕ ಕುಳಿತೇ ನೋಡಿದ್ದರು. ಈಗ ವಾಡೇಕರ್ ಕಾಲು ಜಾರಿ ರನೌಟ್ ಆದಾಗ ಶೂ ಕೆಳಗೆ ಎದ್ದ ಮಣ್ಣಿನ ಬಣ್ಣ ಹೇಳುತ್ತಾರೆ. ಹೀಗೇ ಮುಂದುವರಿದರೆ ಬರುವ ವರ್ಷ ಚೆಂಡು ಎತ್ತಿ ಎಸೆದದ್ದೂ ಇವರೇ ಆಗಬಹುದು. ಪ್ರಸನ್ನ, ಚಂದ್ರಶೇಖರ್ ತಕರಾರು ಮಾಡಲಿಕ್ಕಿಲ್ಲ.

ನ್ಯೂಟೌನ್ ಕ್ವಾರ್ಟರ್ಸಿನ ನಮ್ಮ ಕ್ರಿಕೆಟ್ಟಿಗೆ ಕಾನೂನು ಬರೆದವರೂ ಅವರೇ. ಕಾರ್ಖಾನೆಗೆ ಮೂರು ಶಿಫ್ಟು, ಹಾಗಾಗಿ ಬೀದಿಯಲ್ಲಿ ಯಾವ ಹೊತ್ತಿನಲ್ಲೂ ಒಂದು ಮನೆಯ ಅಪ್ಪ ಮಲಗಿರುತ್ತಿದ್ದರು. ಒನ್ ಪಿಚ್ ಕ್ಯಾಚ್ ಔಟು, ಕಾಂಪೌಂಡ್ ಹಾರಿದರೆ ಔಟು, ಇವೆಲ್ಲ ಎಲ್ಲ ಊರಲ್ಲೂ ಇದ್ದವು. ನಮ್ಮಲ್ಲಿ ಮಾತ್ರ ನೈಟ್ ಶಿಫ್ಟ್ ಮುಗಿಸಿ ಮಲಗಿದವರ ಕಿಟಕಿಗೆ ಚೆಂಡು ತಾಗಿದರೆ ಹೊಡೆದವನು ಔಟು, ಅವನ ಇಡೀ ಟೀಮೂ ಔಟು. ವಾರವಾರ ಶಿಫ್ಟ್ ಬದಲಾದ ಹಾಗೆ ಕಿಟಕಿಯೂ ಬದಲಾಗುತ್ತಿತ್ತು. ಯಾರ ಮನೆಯಲ್ಲಿ ಯಾರಿಗೆ ಯಾವ ಶಿಫ್ಟು ಎಂಬುದು ಕ್ಯಾಪ್ಟನ್ ತಲೆಯಲ್ಲಿ ಅಚ್ಚಾಗಿರುತ್ತಿತ್ತು. "ಈ ವಾರ ಲೆಗ್ ಸೈಡ್ ನೈಟ್ ಶಿಫ್ಟ್, ಎಲ್ಲ ಆಫಲ್ಲೇ ಆಡ್ರೋ" ಎಂದರೆ ಅದೇ ಟೀಮ್ ಮೀಟಿಂಗ್. ನಮ್ಮ ಬೀದಿಯ ಹುಡುಗರಿಗೆಲ್ಲ ಕಟ್ ಚೆನ್ನಾಗಿ ಬಂದು ಪುಲ್ ಬಾರದೇ ಹೋದದ್ದಕ್ಕೆ ಮ್ಯಾಟಿಂಗಿಗಿಂತ ಈ ಕಿಟಕಿಗಳೇ ಕಾರಣ ಎಂದು ನನ್ನ ಅಂದಾಜು.

ಇನ್ನು ಸೆಲೆಕ್ಷನ್ ತಪ್ಪಿದ ಕತೆ. ಶಿವಮೊಗ್ಗದಲ್ಲಿ ಸೆಲೆಕ್ಷನ್ ಮ್ಯಾಚ್ ಇತ್ತಂತೆ. ಹಿಂದಿನ ದಿನ ಮಂಡಿ ಊದಿತ್ತು ಎಂಬುದು ಒಂದು ಪಾಠ. ಕಾಮಾಲೆಯಾಗಿತ್ತು ಎಂಬುದು ಇನ್ನೊಂದು. ಬಸ್ಸು ಕೆಟ್ಟಿತ್ತು, ಸೆಲೆಕ್ಟರ್ ತಮ್ಮ ಅಕ್ಕನ ಮಗನನ್ನು ತುರುಕಿದರು, ಇವೂ ಚಾಲ್ತಿಯಲ್ಲಿವೆ. ಕೇಳುವವರು ಡಾಕ್ಟರಾದರೆ ಮಂಡಿ, ರಾಜಕೀಯದವರಾದರೆ ಅಕ್ಕನ ಮಗ. ಒಂದು ಸಂಜೆ ಅವರ ಮನೆಯಲ್ಲಿ ಕಾಮಾಲೆಯ ಆವೃತ್ತಿ ನಡೆಯುತ್ತಿದ್ದಾಗ ಅಮ್ಮಾವ್ರು ಕಾಫಿ ಲೋಟ ಇಡುತ್ತಾ, "ಅವತ್ತು ಫಸ್ಟ್ ಶಿಫ್ಟ್ ಇತ್ತು. ಕೆಲಸ ಹೊಸದು, ರಜೆ ಕೇಳೋಕೆ ಇವರಿಗೆ ಹೆದರಿಕೆ" ಎಂದು ಒಳಗೆ ಹೋದರು. ಕ್ಯಾಪ್ಟನ್ ಒಂದು ಗುಟುಕು ಕುಡಿದು, "ಕಣ್ಣೆಲ್ಲ ಅರಿಶಿನ ಆಗ್ಬಿಟ್ಟಿತ್ತು ಕಣೋ" ಎಂದು ಬಿಟ್ಟಲ್ಲಿಂದ ಎತ್ತಿಕೊಂಡರು.

ಇಷ್ಟೆಲ್ಲ ಗೊತ್ತಿದ್ದೂ ಅವರ ಬಾಯಿಗೆ ಯಾರೂ ಅಡ್ಡ ಹಾಕುವುದಿಲ್ಲ. ಅದಕ್ಕೆ ಕಾರಣ ಗೌರವ ಮಾತ್ರವಲ್ಲ, ಸ್ವಾರ್ಥವೂ ಹೌದು. ಕ್ಯಾಪ್ಟನ್ ತಮ್ಮ ಸ್ಕೋರನ್ನಷ್ಟೇ ಬೆಳೆಸುವವರಲ್ಲ, ಊರಿನವರದ್ದನ್ನೆಲ್ಲ ಬೆಳೆಸುತ್ತಾರೆ. ಕಾಗದದ ಕಾರ್ಖಾನೆ ನಿಂತಿತು, ಕ್ವಾರ್ಟರ್ಸು ಖಾಲಿಯಾದವು, ನಾವು ಬೆಂಗಳೂರು, ಪುಣೆ, ಡಲ್ಲಾಸ್ ಅಂತ ಚದುರಿಹೋದೆವು. ಜಾತ್ರೆಗೋ ಮದುವೆಗೋ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದಾಗ ಕ್ಯಾಪ್ಟನ್ ಎದುರಾಗುತ್ತಾರೆ. "ಅಮ್ಮಾ, ನಿಮ್ಮ ಯಜಮಾನರು ಪೇಪರ್ ಟೌನ್ ಮೇಲೆ ಹೊಡೆದ 48 ಇದೆಯಲ್ಲ…" ಎಂದು ಶುರು. ನಾನು ಹೊಡೆದದ್ದು 22, ಅದರಲ್ಲೂ ನಾಲ್ಕು ಬೈ. ಆದರೆ ಹತ್ತು ವರ್ಷದ ಮಗಳು ನನ್ನ ಹೊಟ್ಟೆಯನ್ನೂ ಮುಖವನ್ನೂ ಹೊಸದಾಗಿ ನೋಡುತ್ತಿರುವಾಗ ಲೆಕ್ಕ ತಿದ್ದುವ ಧೈರ್ಯ ಯಾವ ಅಪ್ಪನಿಗಿದೆ? ಮುಂದಿನ ಸಲಕ್ಕೆ ಅರ್ಧಶತಕ ಆದೀತೆಂಬ ಆಸೆ ಬೇರೆ.

ಅವರ ಈಗಿನ ಶತ್ರು ಮೊಬೈಲ್ ಸ್ಕೋರಿಂಗ್. ಟೆನಿಸ್ ಬಾಲ್ ಟೂರ್ನಮೆಂಟಿಗೂ ಬಾಲ್ ಬಾಲ್ ಲೆಕ್ಕ ಮೊಬೈಲಿಗೆ ಹೋಗುತ್ತದೆ. "ನಾಳೆ ಇದನ್ನ ತಿದ್ದೋಕೆ ಬರುತ್ತೇನೋ?" ಎಂದು ಹುಡುಗರನ್ನು ಕೇಳಿದರಂತೆ. ಬರಲ್ಲ ಎಂದದ್ದಕ್ಕೆ, "ಮತ್ತೆ ನಿಮ್ಮ ಮಕ್ಕಳಿಗೆ ಏನು ಹೇಳ್ತೀರೋ?" ಎಂದು ನಿಜವಾಗಿಯೂ ಮರುಗಿದರಂತೆ. ಸೊನ್ನೆಗೆ ಔಟಾಗಿ ಬಂದವನನ್ನು ಸಮಾಧಾನಪಡಿಸುವ ಸೂತ್ರವೂ ಅವರಲ್ಲಿದೆ: 1969, ಕಾನ್ಪುರ, ವಿಶ್ವನಾಥರ ಮೊದಲ ಟೆಸ್ಟು, ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಆರು ಓವರಿನ ಮ್ಯಾಚಿನಲ್ಲಿ ಎರಡನೇ ಇನಿಂಗ್ಸ್ ಎಲ್ಲಿಂದ ತರೋದು ಎಂಬುದಕ್ಕೆ ಸೂತ್ರದಲ್ಲಿ ಉತ್ತರವಿಲ್ಲ.

ಕಳೆದ ರಾಜ್ಯೋತ್ಸವಕ್ಕೆ ಹಿರಿಯರ ಪ್ರದರ್ಶನ ಪಂದ್ಯ ಇಟ್ಟಿದ್ದರು. ಕ್ಯಾಪ್ಟನ್ ಛತ್ರಿ ನನ್ನ ಕೈಗೆ ಕೊಟ್ಟು, ಬ್ಯಾಟ್ ಹಿಡಿದು, ಗಾರ್ಡ್ ತೆಗೆದುಕೊಳ್ಳುವುದರಲ್ಲೇ ಒಂದು ಓವರಿನ ಹೊತ್ತು ಕಳೆದರು. ಐಟಿಐ ಓದುವ ಹುಡುಗನೊಬ್ಬ ಪಾಪ ಮೆಲ್ಲಗೇ ಎಸೆದ. ಕ್ಯಾಪ್ಟನ್ ಹಿಂಗಾಲಿಗೆ ಹೋದರು, ಕಟ್‌ಗೆ ಬ್ಯಾಟ್ ಎತ್ತಿದರು, ಅದು ಇಳಿಯುವಷ್ಟರಲ್ಲಿ ಮಧ್ಯದ ಸ್ಟಂಪು ಮಲಗಿತ್ತು. ಅಂಪೈರ್ "ಟ್ರಯಲ್ ಬಾಲ್!" ಎಂದು ಕೈ ಎತ್ತಿದ. ಸ್ಕೋರ್ ಹಾಕುವವನು ಫೋನ್ ತಡಕಾಡಿ, "ಅಣ್ಣಾ, ಇದರಲ್ಲಿ ಟ್ರಯಲ್ ಬಾಲ್ ಇಲ್ಲ" ಎಂದ. ಕ್ಯಾಪ್ಟನ್ ಯಾರ ಮಾತಿಗೂ ಕಾಯದೆ ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಡೆದುಬಂದು ಛತ್ರಿ ವಾಪಸ್ ತೆಗೆದುಕೊಂಡರು. "ಆಡೋಕೆ ಆಗದ ಬಾಲು" ಎಂದಷ್ಟೇ ಹೇಳಿದರು.

ಸಂಜೆ ಹೋಟೆಲಿಗೆ ಹೋದೆ. ಆ ಐಟಿಐ ಹುಡುಗ ಆಗಲೇ ಕರ್ನಾಟಕ ತಂಡದ ಸಂಭಾವ್ಯರ ಪಟ್ಟಿಯಲ್ಲಿದ್ದ.