ಎಂಟನೇ ಪುಟದಲ್ಲಿ ಹೇಳಿದ್ದೆ ಸ್ವಾಮಿ!

ವಿಮಾನ ಹೊರಡುವ ಮುನ್ನ ಪೈಲಟ್ ಕೈಗೆ ಒಂದು ದಪ್ಪ ಕಟ್ಟು ಬರುತ್ತದೆ. ಮೊದಲು ಕಾಗದದಲ್ಲಿ ಬರುತ್ತಿತ್ತು, ಈಗ ಟ್ಯಾಬ್ಲೆಟ್‌ಗೆ ಬರುತ್ತದೆ. ಹಾರುವ ದಾರಿ, ಇಂಧನದ ಲೆಕ್ಕ, ಹವಾಮಾನ ಎಲ್ಲ ಮುಗಿದ ಮೇಲೆ ಪುಟಗಟ್ಟಲೆ ಸಾಲುಹಿಡಿದು ನಿಂತಿರುವವರೇ ಈ ವಾರದ ನಮ್ಮ ಅತಿಥಿ, ಶ್ರೀ ನೋಟಾಮ್. ಯಾವ ರನ್‌ವೇ ಮುಚ್ಚಿದೆ, ಯಾವ ದೀಪ ಕೆಟ್ಟಿದೆ, ಎಲ್ಲಿ ಹೊಸ ಕ್ರೇನ್ ಎದ್ದಿದೆ ಎಂದು ಪೈಲಟ್‌ಗಳಿಗೆ ತಿಳಿಸುವ ಅಧಿಕೃತ ಸೂಚನೆ ಅವರು. ಎರಡನೇ ಮಹಾಯುದ್ಧ ಮುಗಿದ ಕಾಲದಿಂದಲೂ ಸೇವೆಯಲ್ಲಿದ್ದಾರೆ. ಸಂದರ್ಶನಕ್ಕೆ ಹತ್ತು ಗಂಟೆಗೆ ಬನ್ನಿ ಅಂದರು. ಅವರ ಹತ್ತು ಎಂದರೆ ನಮ್ಮ ಮಧ್ಯಾಹ್ನ ಮೂರೂವರೆ. ಗ್ರೀನಿಚ್ ಕಾಲ ಬಿಟ್ಟರೆ ಬೇರೆ ಗಡಿಯಾರ ಅವರ ಮನೆಯಲ್ಲಿಲ್ಲ.

ಪ್ರಶ್ನೆ: ನಮಸ್ಕಾರ ನೋಟಾಮ್ ಅವರೇ.

ನೋಟಾಮ್: ನ್ಮ್‌ಸ್ಕ್‌ರ್. ಕ್‌ತ್‌ಕ್‌ಳ್.

ಪ್ರಶ್ನೆ: ಏನಂದಿರಿ?

ನೋಟಾಮ್: ನಮಸ್ಕಾರ, ಕೂತ್ಕೊಳ್ಳಿ ಅಂದೆ. ಸ್ವರ ಉಳಿಸ್ತೀನಿ ನಾನು. ಟೆಲಿಪ್ರಿಂಟರ್ ಕಾಲದವನು ನೋಡಿ. ಆಗ ತಂತಿ ನಿಧಾನ, ಒಂದೊಂದು ಅಕ್ಷರಕ್ಕೂ ಲೆಕ್ಕ. ರನ್‌ವೇ ಮುಚ್ಚಿದೆ ಅನ್ನೋದನ್ನ ಇಂಗ್ಲಿಷಿನಲ್ಲಿ ‘ಆರ್‌ಡಬ್ಲ್ಯುವೈ ಸಿಎಲ್‌ಎಸ್‌ಡಿ’ ಅಂತ ಏಳೇ ಅಕ್ಷರಕ್ಕೆ ಮುಗಿಸ್ತಿದ್ದೆ.

ಪ್ರಶ್ನೆ: ಈಗ ಟೆಲಿಪ್ರಿಂಟರ್ ಎಲ್ಲಿದೆ? ಒಂದು ಸಿನಿಮಾವನ್ನೇ ಕ್ಷಣದಲ್ಲಿ ಕಳಿಸುವ ಕಾಲ ಇದು.

ನೋಟಾಮ್: ಯಂತ್ರ ಹೋಯಿತು, ಅಭ್ಯಾಸ ಹೋಗಲಿಲ್ಲ. ಆ ಯಂತ್ರಕ್ಕೆ ದೊಡ್ಡಕ್ಷರ ಬಿಟ್ಟು ಬೇರೆ ಬರ್ತಿರಲಿಲ್ಲ. ಹಾಗಾಗಿ ಇವತ್ತಿಗೂ ನಾನು ಆದ್ಯಂತ ದೊಡ್ಡಕ್ಷರ. ಹುಲ್ಲು ಕತ್ತರಿಸ್ತಿದ್ದಾರೆ ಅನ್ನೋದನ್ನೂ ರನ್‌ವೇನೇ ಇಲ್ಲ ಅನ್ನೋದನ್ನೂ ಒಂದೇ ದನಿಯಲ್ಲಿ ಕೂಗ್ತೀನಿ. ನಿಮ್ಮ ಕನ್ನಡದಲ್ಲಿ ಪಾಪ ದೊಡ್ಡಕ್ಷರವೇ ಇಲ್ಲ. ಕಿರುಚಬೇಕಾದರೆ ಟಿವಿಗೇ ಹೋಗಬೇಕು.

ಪ್ರಶ್ನೆ: ನಿಮ್ಮ ಮನೆತನದ ಬಗ್ಗೆ ಹೇಳಿ. ಹಾರಾಟದ ನಕ್ಷೆ, ಅಂದರೆ ಚಾರ್ಟು, ನಿಮ್ಮ ಅಣ್ಣನಂತೆ?

ನೋಟಾಮ್: ಹೌದು, ಮನೆಗೆ ಹಿರಿಯ. ಶಿಸ್ತು ಅಂದರೆ ಅವನದು. ಪ್ರತಿ 28 ದಿನಕ್ಕೊಮ್ಮೆ ಹೊಸ ಹುಟ್ಟು, ಅದೂ ಗುರುವಾರವೇ. ಏರ್ಯಾಕ್ ಅಂತ ಕರೀತಾರೆ. 1964ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ಒಪ್ಪಿಕೊಂಡ ಪದ್ಧತಿ. ಹೊಸ ರನ್‌ವೇ ಆಗಲಿ, ದಾರಿ ಬದಲಾಗಲಿ, ರೇಡಿಯೊ ಫ್ರೀಕ್ವೆನ್ಸಿ ಬದಲಾಗಲಿ, ಮನಸ್ಸಿಗೆ ಬಂದ ದಿನ ಜಾರಿ ಮಾಡೋ ಹಾಗಿಲ್ಲ. ಕನಿಷ್ಠ 28 ದಿನ ಮೊದಲೇ ಕೈ ಸೇರಿರಬೇಕು, ಬದಲಾವಣೆ ದೊಡ್ಡದಾದರೆ 56 ದಿನ ಕೊಡಿ ಅಂತಾರೆ. ಆ ಗುರುವಾರ ಬಂತು ಅಂದರೆ ಬೆಂಗಳೂರಿನ ಪೈಲಟ್ ಕೈಯಲ್ಲೂ ಬ್ರೆಜಿಲ್‌ನ ಕಂಟ್ರೋಲರ್ ಕೈಯಲ್ಲೂ ಹಳೇದು ಹೋಗಿ ಹೊಸದು ಬಂದಿರಬೇಕು. ಒಬ್ಬ ಹಳೆ ಚಾರ್ಟು ನೋಡಿ ಎಡಕ್ಕೆ ತಿರುಗಿ, ಇನ್ನೊಬ್ಬ ಹೊಸದು ನೋಡಿ ಬಲಕ್ಕೆ ತಿರುಗಿ ಅಂದರೆ ಕಥೆ ಮುಗೀತಲ್ಲ.

ಪ್ರಶ್ನೆ: ಒಂಥರಾ ಪಂಚಾಂಗ.

ನೋಟಾಮ್: ಪಂಚಾಂಗ ಯುಗಾದಿಯಿಂದ ಯುಗಾದಿಗೆ ನಡೆಯುತ್ತೆ. ಇವನಿಗೆ ವರ್ಷಕ್ಕೆ 13 ಯುಗಾದಿ. 2020ರಲ್ಲಿ ದಿನಗಳ ಲೆಕ್ಕ ಕೂಡಿಬಂದು 14 ಆಯಿತು. ಜಗತ್ತಿನ ವಿಮಾನಗಳೆಲ್ಲ ಕೊರೊನಾಕ್ಕೆ ಹೆದರಿ ಷೆಡ್ಡಿನಲ್ಲಿ ನಿಂತಿದ್ದ ವರ್ಷ ನಮ್ಮಣ್ಣ ಒಂದು ಸಲ ಹೆಚ್ಚಿಗೆ ಹುಟ್ಟಿಬಂದ. ನೋಡೋರೇ ಇರಲಿಲ್ಲ.

ಪ್ರಶ್ನೆ: ಅಷ್ಟು ಶಿಸ್ತಿನ ಅಣ್ಣ ಇರುವಾಗ ನೀವ್ಯಾಕೆ?

ನೋಟಾಮ್: ದೀಪ ಕೆಡೋದು ಗುರುವಾರ ನೋಡ್ಕೊಂಡು ಕೆಡುತ್ತಾ? ಬಿಲ್ಡರ್ ಕ್ರೇನ್ ನಿಲ್ಲಿಸೋಕೆ 56 ದಿನ ಕಾಯ್ತಾನಾ? ಅವೆಲ್ಲ ನನ್ನ ತಲೆಗೆ. ನಿಯಮದ ಪ್ರಕಾರ ನಾನು ತಾತ್ಕಾಲಿಕ. ಮೂರು ತಿಂಗಳೊಳಗೆ ಹೋಗಬೇಕು, ಇಲ್ಲವಾದರೆ ವಿಷಯ ಅಣ್ಣನ ಪುಸ್ತಕಕ್ಕೆ ಸೇರಬೇಕು. ಆದರೆ ಸರ್ಕಾರದಲ್ಲಿ ತಾತ್ಕಾಲಿಕ ಅಂದರೆ ಏನೂಂತ ನಿಮಗೆ ನಾನು ಹೇಳಬೇಕಾ? ಅವಧಿ ಮುಗಿಯೋ ಹೊತ್ತಿಗೆ ಹಳೇ ನಂಬರು ಕಳಚಿಟ್ಟು ಹೊಸ ನಂಬರು ತೊಟ್ಕೊಂಡು ಅದೇ ಕುರ್ಚಿಯಲ್ಲಿ ಕೂರೋರು ನಮ್ಮಲ್ಲಿ ಬೇಕಾದಷ್ಟು ಜನ. ಮುಗಿಯೋ ದಿನದ ಪಕ್ಕ ‘ಅಂದಾಜು’ ಅಂತ ಬರೆಯೋ ಅನುಕೂಲವೂ ಇದೆ. ಬೆಂಗಳೂರಿನಲ್ಲಿ ರಸ್ತೆ ಅಗೆಯೋರು ಆ ಒಂದು ಪದ ಕಂಡರೆ ಕಣ್ಣಿಗೊತ್ತಿಕೊಳ್ತಾರೆ.

ಪ್ರಶ್ನೆ: ಹಳೆಯ ನೋಟಾಮ್‌ಗಳನ್ನು ಕಿತ್ತುಹಾಕಿ ಎಂದು 2021ರಲ್ಲಿ ಐಕಾವೊ ಅಭಿಯಾನವನ್ನೇ ನಡೆಸಿತಲ್ಲ?

ನೋಟಾಮ್: ನಡೆಸಿತು. ನಿಮ್ಮೆದುರಿಗೇ ಕೂತಿದ್ದೀನಲ್ಲ, ಆರೋಗ್ಯವಾಗಿ. ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸಲ ಹೊರಡ್ತೀನಿ. ಅಣ್ಣ ಹುಟ್ಟಿದ್ದಾನೆ ಅಂತ ಹೇಳೋದಕ್ಕೆ ಒಂದು ನೋಟಾಮ್, ಅದಕ್ಕೆ ಟ್ರಿಗರ್ ನೋಟಾಮ್ ಅಂತ ಹೆಸರು. ಯಾವ್ಯಾವ ನೋಟಾಮ್ ಇನ್ನೂ ಬದುಕಿದೆ ಅಂತ ಪಟ್ಟಿ ಕೊಡೋದಕ್ಕೆ ತಿಂಗಳಿಗೊಂದು ನೋಟಾಮ್.

ಪ್ರಶ್ನೆ: ಇಷ್ಟನ್ನೂ ಓದೋರು ಯಾರು?

ನೋಟಾಮ್: ಅದು ನನ್ನ ವ್ಯಾಪ್ತಿಗೆ ಬರಲ್ಲ.

ಪ್ರಶ್ನೆ: ಹಾಗಾದರೆ ನೇರವಾಗಿ ಕೇಳುತ್ತೇನೆ. 2017ರ ಜುಲೈ 7, ಸ್ಯಾನ್ ಫ್ರಾನ್ಸಿಸ್ಕೊ.

ನೋಟಾಮ್: ಗೊತ್ತಿತ್ತು ಇದಕ್ಕೇ ಬರ್ತೀರಿ ಅಂತ. ನಾನು ಹೇಳಿದ್ದೆ ಸ್ವಾಮಿ.

ಪ್ರಶ್ನೆ: ಓದುಗರಿಗೆ ಸ್ವಲ್ಪ ವಿವರಿಸುತ್ತೇನೆ. ಟೊರಾಂಟೊದಿಂದ ಬಂದ ಏರ್ ಕೆನಡಾ ವಿಮಾನ ರಾತ್ರಿ ಹನ್ನೆರಡಕ್ಕೆ ಕೆಲವೇ ನಿಮಿಷವಿರುವಾಗ ಇಳಿಯುತ್ತಿತ್ತು. ಅಲ್ಲಿ ಅಕ್ಕಪಕ್ಕ ಎರಡು ರನ್‌ವೇ. ಎಡಗಡೆಯದನ್ನು ಆ ರಾತ್ರಿ ಮುಚ್ಚಿ ದೀಪ ಆರಿಸಿದ್ದರು. ಪೈಲಟ್‌ಗಳು ಎರಡು ದೀಪದ ಸಾಲು ಕಾಣುತ್ತದೆಂದು ನಿರೀಕ್ಷಿಸಿದ್ದರು, ಎರಡು ಸಾಲು ಕಂಡಿತು. ಆದರೆ ಬಲಗಡೆ ಕಂಡದ್ದು ರನ್‌ವೇ ಅಲ್ಲ, ಟ್ಯಾಕ್ಸಿವೇ, ಅಂದರೆ ವಿಮಾನಗಳು ನೆಲದ ಮೇಲೆ ರನ್‌ವೇಗೆ ಹೋಗುವ ದಾರಿ. ಅದರ ಮೇಲೆ ನಾಲ್ಕು ವಿಮಾನಗಳು ಹೊರಡಲು ಸಾಲಾಗಿ ನಿಂತಿದ್ದವು. ಎಲ್ಲ ಸೇರಿ ಸಾವಿರಕ್ಕೂ ಹೆಚ್ಚು ಜನ. ಏರ್ ಕೆನಡಾ ವಿಮಾನ ನೆಲದಿಂದ ಸುಮಾರು 60 ಅಡಿಯವರೆಗೆ ಇಳಿದು, ನಿಂತಿದ್ದವರ ತಲೆಯ ಮೇಲೆ ಹಾದು, ಮತ್ತೆ ಮೇಲೇರಿತು. ನೀವು ಎಲ್ಲಿದ್ದಿರಿ?

ನೋಟಾಮ್: ಅವರ ಬ್ಯಾಗಿನಲ್ಲೇ! 27 ಪುಟದ ಕಟ್ಟಿನಲ್ಲಿ ಎಂಟನೇ ಪುಟ. ರನ್‌ವೇ ಮುಚ್ಚಿದೆ ಅಂತ ಸ್ಪಷ್ಟವಾಗಿ, ಸಮಯ ಸಮೇತ ಹೇಳಿದ್ದೆ. ಗ್ರೀನಿಚ್ ಸಮಯ.

ಪ್ರಶ್ನೆ: ಪೈಲಟ್‌ಗಳ ಟೊರಾಂಟೊ ಮೈಗೆ ಆಗ ಬೆಳಗಿನ ಜಾವ ಮೂರು. ಎಂಟನೇ ಪುಟದ ಒಂದು ಸಾಲು ಆ ಹೊತ್ತಿಗೆ ನೆನಪಿರುತ್ತದೆಯೇ?

ನೋಟಾಮ್: ಸ್ವಾಮಿ, ನನ್ನ ಕೆಲಸ ಹೊರಡಿಸೋದು. ತಲುಪಿಸೋದಲ್ಲ.

(ಈ ಮಾತನ್ನು ಅವರು ತಮಾಷೆಗೆ ಹೇಳಲಿಲ್ಲ. ಸಂದರ್ಶನದಲ್ಲಿ ಅವರ ದನಿ ಅತ್ಯಂತ ಸಹಜವಾಗಿ ಇದ್ದದ್ದು ಈ ಒಂದು ವಾಕ್ಯದಲ್ಲೇ.)

ಪ್ರಶ್ನೆ: ತನಿಖೆ ನಡೆಸಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ಆಗಿನ ಅಧ್ಯಕ್ಷ ರಾಬರ್ಟ್ ಸಮ್‌ವಾಲ್ಟ್ ಬಹಿರಂಗ ಸಭೆಯಲ್ಲೇ ನಿಮ್ಮನ್ನು ಯಾರೂ ಗಮನ ಕೊಡದ ಕಸ ಅಂದುಬಿಟ್ಟರು. ಅವರೂ ಹಿಂದೆ ಪೈಲಟ್ ಆಗಿದ್ದವರು.

ನೋಟಾಮ್: ಕಸ ಹಾಕಿದ್ದು ಯಾರು ಅಂತಲೂ ಕೇಳಬೇಕಿತ್ತು. ನೋಡಿ, ಒಂದು ವಿಮಾನ ನಿಲ್ದಾಣದ ಕಚೇರಿ ಅನ್ಕೊಳ್ಳಿ. ಮೂರು ಮೈಲಿ ಆಚೆ ಒಂದು ಮೊಬೈಲ್ ಟವರಿನ ತುದಿ ದೀಪ ಕೆಟ್ಟಿದೆ. ಸೂಚನೆ ಹೊರಡಿಸಿದರೆ ಯಾರೂ ಬೈಯಲ್ಲ. ಹೊರಡಿಸದೆ ನಾಳೆ ಏನಾದರೂ ಆಯಿತೋ, ‘ಯಾಕ್ರೀ ತಿಳಿಸಲಿಲ್ಲ?’ ಅಂತ ಫೈಲು ಬರುತ್ತೆ. ಅತಿಯಾಗಿ ತಿಳಿಸಿದ್ದಕ್ಕೆ ಸಸ್ಪೆಂಡ್ ಆದ ಒಬ್ಬ ನೌಕರನನ್ನು ತೋರಿಸಿ! ಹಾಗಾಗಿ ಟವರಿನ ದೀಪ, ಹಕ್ಕಿಗಳ ಓಡಾಟ, ಪಾರ್ಕಿಂಗ್ ಬದಲಾವಣೆ, ಮಧ್ಯದಲ್ಲೆಲ್ಲೋ ಮುಚ್ಚಿದ ರನ್‌ವೇ. ಎಲ್ಲರಿಗೂ ಒಂದೇ ಅಳತೆಯ ಅಕ್ಷರ, ಒಂದೇ ಪಂಕ್ತಿ. ನಮ್ಮಲ್ಲಿ ಭೇದಭಾವ ಇಲ್ಲ.

ಪ್ರಶ್ನೆ: ನಿಮ್ಮನ್ನು ನಿಲ್ಲಿಸಿಬಿಟ್ಟರೆ?

ನೋಟಾಮ್: ನಿಲ್ಲಿಸಿ ನೋಡಿದ್ದಾರೆ, ಕೈತಪ್ಪಿ. 2023ರ ಜನವರಿ 11. ಅಮೆರಿಕದಲ್ಲಿ ನಮ್ಮ ಮೂಲ ಡೇಟಾಬೇಸನ್ನೂ ಅದರ ಮೀಸಲು ಪ್ರತಿಯನ್ನೂ ತಾಳೆ ಮಾಡೋಕೆ ಹೋದ ಗುತ್ತಿಗೆ ಸಿಬ್ಬಂದಿ ಫೈಲುಗಳನ್ನ ಅಳಿಸಿಬಿಟ್ಟರು. ನಾನು ಮಾಯ. ಬೆಳಗಾಗುವಷ್ಟರಲ್ಲಿ ಇಡೀ ದೇಶದ ವಿಮಾನಗಳಿಗೆ ಹೊರಡಬೇಡಿ ಅಂತ ಆಜ್ಞೆ. 2001ರ ಸೆಪ್ಟೆಂಬರ್ 11 ಆದಮೇಲೆ ದೇಶಾದ್ಯಂತ ಹಾಗೆ ನಿಂತಿದ್ದು ಅವತ್ತೇ. ಸಾವಿರಕ್ಕೂ ಹೆಚ್ಚು ವಿಮಾನ ರದ್ದು, ಸಾವಿರಾರು ತಡ. ಇದ್ದಾಗ ಓದದವರು ಇಲ್ಲದಾಗ ಹಾರಲಿಲ್ಲ! ಇಷ್ಟು ಮರ್ಯಾದೆ ಓದಿಸಿಕೊಳ್ಳುವ ಯಾವ ಸಾಹಿತಿಗೆ ಸಿಕ್ಕಿದೆ, ಹೇಳಿ.

ಪ್ರಶ್ನೆ: ಸುಧಾರಣೆ ಏನೂ ಆಗಿಲ್ಲವೇ?

ನೋಟಾಮ್: ಆಗಿದೆ. 2021ರ ಡಿಸೆಂಬರಿನಲ್ಲಿ ಅಮೆರಿಕದವರು ನನ್ನ ಹೆಸರಿನ ವಿಸ್ತರಣೆಯಾದ ‘ನೋಟಿಸ್ ಟು ಏರ್‌ಮೆನ್’ನಿಂದ ‘ಏರ್‌ಮೆನ್’ ತೆಗೆದು ‘ಏರ್ ಮಿಷನ್ಸ್’ ಅಂತ ಹಾಕಿದರು. 2025ರ ಫೆಬ್ರವರಿಯಲ್ಲಿ ಅದನ್ನ ತೆಗೆದು ಮತ್ತೆ ‘ಏರ್‌ಮೆನ್’ ಅಂತಲೇ ಹಾಕಿದರು. ಎರಡು ಸಲವೂ ನನ್ನ ಲೆಟರ್‌ಹೆಡ್ ಬದಲಾಯಿತು, ಒಳಗಿನ ಬರವಣಿಗೆ ಹಾಗೇ ಇತ್ತು.

ಪ್ರಶ್ನೆ: ಈಚೆಗೆ ನಮ್ಮ ಟಿವಿಗಳಲ್ಲಿ ನೀವು ತಾರೆ.

ನೋಟಾಮ್: ಅಯ್ಯೋ, ಅದನ್ನ ಕೇಳಬೇಡಿ, ನಾಚಿಕೆ ಆಗುತ್ತೆ. 2025ರ ಏಪ್ರಿಲ್ 24ಕ್ಕೆ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು, 30ಕ್ಕೆ ನಾವೂ ಮುಚ್ಚಿದೆವು. ಆಮೇಲೆ ಎರಡೂ ಕಡೆ ತಿಂಗಳಿಗೊಮ್ಮೆ ನವೀಕರಣ. ಪ್ರತಿ ತಿಂಗಳೂ ನನ್ನನ್ನ ಪರದೆ ಮೇಲೆ ಹಾಕಿ, ಕೆಂಪು ಗೆರೆ ಎಳೆದು, ಹಿಂದೆ ಸೈರನ್ ಊದಿ ‘ಬ್ರೇಕಿಂಗ್’ ಅಂದರು. ಬಂಗಾಳ ಕೊಲ್ಲಿಯಲ್ಲಿ ಇಷ್ಟು ಜಾಗ ಬಿಟ್ಟುಕೊಡಿ ಅಂತ ನಾನು ಒಂದು ಸಾಲು ಹೇಳಿದರೆ ಸಾಕು, ಮನೆಯಲ್ಲಿ ಕೂತವರು ಅಳತೆಪಟ್ಟಿ ಹಿಡಿದು ಕ್ಷಿಪಣಿ ಎಷ್ಟು ದೂರ ಹೋಗುತ್ತೆ ಅಂತ ಲೆಕ್ಕ ಹಾಕ್ತಾರೆ. ಹಾರೋರು ಓದದ ನನ್ನನ್ನ ಹಾರದೇ ಇರೋರು ಇಷ್ಟು ಶ್ರದ್ಧೆಯಿಂದ ಓದ್ತಾರೆ.

ಪ್ರಶ್ನೆ: ಏರೋ ಇಂಡಿಯಾ ಬಂದಾಗ ಬೆಂಗಳೂರಿಗೂ ನೀವು ಹೊರಡುತ್ತೀರಿ.

ನೋಟಾಮ್: ಹೊರಡದೆ? ಯಲಹಂಕದಲ್ಲಿ ಯುದ್ಧವಿಮಾನಗಳು ಪಲ್ಟಿ ಹೊಡೀತಿರುವಾಗ ಪಕ್ಕದ ದೇವನಹಳ್ಳಿಯಲ್ಲಿ ದೆಹಲಿ ವಿಮಾನ ಇಳಿಸೋಕಾಗುತ್ತಾ? ದಿನಕ್ಕೆ ಇಂತಿಷ್ಟು ಗಂಟೆ ಆಕಾಶ ಮುಚ್ಚಿದೆ ಅಂತ ಮೊದಲೇ ತಿಳಿಸ್ತೀನಿ. ಪ್ರಯಾಣಿಕರು ಮಾತ್ರ ಕೌಂಟರಿನಲ್ಲಿ ಕೂತ ಹುಡುಗಿಯ ಮೇಲೆ ರೇಗ್ತಾರೆ. ಆದರೆ 2025ರ ಪ್ರದರ್ಶನದ ಹೊತ್ತಿಗೆ ಬಿಬಿಎಂಪಿ ಒಂದು ಪ್ರಕಟಣೆ ಹೊರಡಿಸ್ತು, ನೆನಪಿದೆಯಾ? ವಾಯುನೆಲೆಯ ಸುತ್ತ 13 ಕಿಲೋಮೀಟರ್ ಮಾಂಸದಂಗಡಿ ಮುಚ್ಚಿ, ತುಣುಕು ಬಿದ್ದರೆ ಹದ್ದು ಬರುತ್ತೆ, ಹದ್ದು ವಿಮಾನಕ್ಕೆ ಬಡಿಯುತ್ತೆ ಅಂತ. ಇಡೀ ಬೆಂಗಳೂರು ಉತ್ತರ ಅದನ್ನ ಓದ್ತು! ಸಂಕ್ಷೇಪಾಕ್ಷರ ಒಂದೂ ಇರಲಿಲ್ಲ, ಮಟನ್ ಇತ್ತು.

ಪ್ರಶ್ನೆ: ಹಾಗಾದರೆ ಓದುವವನಿಗೆ ಏನು ಬೇಕೋ ಅದನ್ನು ಹೇಳಿದರೆ ಓದುತ್ತಾರೆ ಎಂದಾಯಿತು. ಎಲ್ರಿ ಜೆಪ್ಪೆಸನ್ ಮಾಡಿದ್ದು ಅದನ್ನೇ ಅಲ್ಲವೇ?

ನೋಟಾಮ್: (ಸ್ವಲ್ಪ ಹೊತ್ತು ಸುಮ್ಮನಿದ್ದು) ನಮ್ಮಣ್ಣ ಅವನ ಫೋಟೊ ಇಟ್ಕೊಂಡು ಪೂಜೆ ಮಾಡ್ತಾನೆ. 1930ರ ಆಸುಪಾಸು, ಅಮೆರಿಕದಲ್ಲಿ ಟಪಾಲು ವಿಮಾನ ಹಾರಿಸ್ತಿದ್ದ ಹುಡುಗ. ಆಗ ಚಾರ್ಟು ಎಲ್ಲಿತ್ತು? ರಸ್ತೆ ನಕ್ಷೆ ಇಟ್ಕೊಂಡು, ರೈಲು ಹಳಿ ನೋಡ್ಕೊಂಡು ಹಾರೋದು, ಮೋಡ ಬಂದರೆ ದೇವರೇ ಗತಿ. ಜೊತೆಯವರು ಒಬ್ಬೊಬ್ಬರಾಗಿ ಸಾಯ್ತಿದ್ದರು. ಇವನು 10 ಸೆಂಟು ಕೊಟ್ಟು ಒಂದು ಕರಿ ನೋಟ್‌ಬುಕ್ ತಂದ. ಇಳಿಯೋ ಹೊಲ ಎಷ್ಟು ಉದ್ದ, ಯಾವ ಕಡೆ ಇಳಿಜಾರು, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತೆ, ಸುತ್ತ ಏನೇನು ಎತ್ತರಕ್ಕೆ ನಿಂತಿದೆ ಅಂತ ಬರ್ಕೊಂಡ. ರಜೆ ದಿನ ಎತ್ತರ ಅಳೆಯೋ ಯಂತ್ರ ಹೊತ್ಕೊಂಡು ಗುಡ್ಡ, ನೀರಿನ ಟ್ಯಾಂಕು ಹತ್ತಿ ಅಳೆದ. ನಿಮ್ಮ ಕಡೆ ಮೋಡ ಹೇಗಿದೆ ಅಂತ ಕೇಳೋಕೆ ದಾರಿಯಲ್ಲಿ ಸಿಗೋ ರೈತರ ಫೋನ್ ನಂಬರನ್ನೂ ಬರೆದಿಟ್ಟ. ಬೇರೆ ಪೈಲಟ್‌ಗಳು ನನಗೂ ಒಂದು ಪ್ರತಿ ಕೊಡು ಅಂತ ದುಂಬಾಲು ಬಿದ್ದರು. 1934ರಲ್ಲಿ ಪ್ರತಿಗೆ 10 ಡಾಲರ್‌ನಂತೆ ಮಾರೋಕೆ ಶುರು ಮಾಡಿದ. ಇವತ್ತು ಡೆನ್ವರ್ ವಿಮಾನ ನಿಲ್ದಾಣದಲ್ಲಿ ಅವನ ಪ್ರತಿಮೆ ಇದೆ.

ಪ್ರಶ್ನೆ: ನಿಮಗೂ ಅವರಿಗೂ ಏನು ವ್ಯತ್ಯಾಸ?

ನೋಟಾಮ್: ಅವನಿಗೊಂದು ಅನುಕೂಲ ಇತ್ತು ಸ್ವಾಮಿ. ಬರೆದವನೇ ಮಾರನೇ ದಿನ ಆ ಹೊಲದಲ್ಲಿ ಇಳೀಬೇಕಿತ್ತು.

ಪ್ರಶ್ನೆ: ನಿಮ್ಮನ್ನು ಬರೆಯುವವರು?

ನೋಟಾಮ್: ಅವರು ಇಳಿಯೋದು ಕಚೇರಿ ಮೆಟ್ಟಿಲು. ಸಂಜೆ ಐದೂವರೆಗೆ.

ಪ್ರಶ್ನೆ: ಈಗ ಎಲ್ಲವೂ ಟ್ಯಾಬ್ಲೆಟ್‌ಗೆ ಬಂದಿದೆ. ಹದಿನಾರು ಕೆಜಿ ತೂಗುತ್ತಿದ್ದ ಪೈಲಟ್ ಚೀಲ ಅಂಗೈಗೆ ಇಳಿದಿದೆ. ಹಾಳೆ ಕಿತ್ತು ಹಾಳೆ ಸೇರಿಸುವ ಕಷ್ಟವೂ ತಪ್ಪಿತು.

ನೋಟಾಮ್: ತಪ್ಪಿತು. 2015ರ ಏಪ್ರಿಲ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನವರ ಟ್ಯಾಬ್ಲೆಟ್‌ಗಳಲ್ಲಿ ವಾಷಿಂಗ್ಟನ್‌ನ ರೇಗನ್ ನಿಲ್ದಾಣದ ಚಾರ್ಟು ಎರಡೆರಡು ಸಲ ಸೇರಿಹೋಯಿತು. ಇಬ್ಬರು ಅಣ್ಣಂದಿರನ್ನ ಒಟ್ಟಿಗೇ ನೋಡಿ ಆ್ಯಪ್ ಕಣ್ಣುಮುಚ್ಚಿತು. ವಿಮಾನಗಳು ಬಾಗಿಲು ಹಾಕ್ಕೊಂಡು ಅಲ್ಲೇ ನಿಂತವು. ಕಾಗದದ ಕಾಲದಲ್ಲಿ ಒಂದು ಹಾಳೆ ಎರಡಾದರೆ ಒಂದನ್ನ ಹರಿದು ಚಹಾ ಲೋಟದ ಕೆಳಗೆ ಇಡ್ತಿದ್ದರು. ನನ್ನ ವಿಷಯಕ್ಕೆ ಬಂದರೆ ಟ್ಯಾಬ್ಲೆಟ್ ನನಗೆ ವರ. ಮೊದಲು 27 ಪುಟ ಅಂತ ಎಣಿಸ್ತಿದ್ದರು, ಈಗ ಬೆರಳಲ್ಲಿ ಒಂದು ಸಲ ಜಾರಿಸಿದರೆ ನಾನು ಎಷ್ಟು ಉದ್ದ ಇದ್ದೀನಿ ಅನ್ನೋದೇ ಗೊತ್ತಾಗಲ್ಲ.

ಪ್ರಶ್ನೆ: ನಮ್ಮ ಓದುಗರಿಗೆ ಕೊನೆಯದಾಗಿ ಏನಾದರೂ?

ನೋಟಾಮ್: ಹೇಳೋದೆಲ್ಲ ಹೇಳಾಯಿತು. ಈ ಸಂದರ್ಶನ ನಿಮಗೆ ತಲುಪಿದೆ ಅಂತ ಇಲ್ಲಿ ಒಂದು ಸಹಿ ಹಾಕಿ. ಕೆಳಗೆ ಸಮಯ, ಗ್ರೀನಿಚ್‌ನದು.

ಪ್ರಶ್ನೆ: ಒಮ್ಮೆ ಓದಿ ನೋಡಿ ಹಾಕಲೇ?

ನೋಟಾಮ್: ಓದೋದು ನಿಮ್ಮಿಷ್ಟ ಸ್ವಾಮಿ. ಸಹಿ ಕಡ್ಡಾಯ.