ಮೂಷಕಚಕ್ರಸ್ತಂಭನ ಮೀಮಾಂಸೆ

ಗಣಪತಿಯ ವಾಹನಕ್ಕೆ ಚಕ್ರವಿತ್ತೇ ಎಂಬ ಚರ್ಚೆಗೆ ನಾವಿಲ್ಲಿ ಇಳಿಯುವುದಿಲ್ಲ. ನಮ್ಮದು ಲೌಕಿಕ ಮೂಷಕ. ಅಮೆರಿಕದ ಡಗ್ಲಾಸ್ ಎಂಗಲ್‌ಬಾರ್ಟ್‌ ತಂಡ 1964ರಲ್ಲಿ ಮಾಡಿದ ಮೊದಲ ಮೂಷಕದ ಮೈ ಮರದ್ದು, ಚಕ್ರಗಳೆರಡೂ ಹೊಟ್ಟೆಯಡಿ. ಬೆನ್ನಮೇಲಿನ ಚಕ್ರ ಮನೆಮನೆಗೆ ಬಂದದ್ದು 1996ರ ಮೈಕ್ರೋಸಾಫ್ಟ್ ಇಂಟೆಲಿಮೌಸ್‌ನಿಂದ. ಅಲ್ಲಿಯವರೆಗೆ ತೋರುಬೆರಳಿಗೆ ಪರರ ತಪ್ಪು ತೋರಿಸುವುದರ ಹೊರತು ಹೆಚ್ಚಿನ ಕೆಲಸವಿರಲಿಲ್ಲ.

ಇನ್ನು ವಿಷಯನಿರೂಪಣೆ. ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದ ಕೃಪೆಯಿಂದ ಯಂತ್ರದೊಳಗೊಂದು ಮಾಯಾಯಂತ್ರ, ಹೊರಗಿನದು ಆತಿಥೇಯ, ಒಳಗಿನದು ಅತಿಥಿ. ಬಂದವನಿಗೆ ಅರ್ಧ ಮೆಮೊರಿ ಬಡಿಸಿ, ಎರಡು ಕೋರ್ ಹಾಸಿ, ಡಿಸ್ಕಿನಲ್ಲಿ ನಡುಮನೆಯನ್ನೇ ಬಿಟ್ಟುಕೊಟ್ಟೆವು. ಬಾಣ ಓಡಾಡಿತು, ಕ್ಲಿಕ್ಕೂ ಆಯಿತು. ಚಕ್ರ ಮಾತ್ರ ಮೌನವ್ರತ ಹಿಡಿಯಿತು.

ಇಲ್ಲಿ ಎರಡು ಮತಗಳುಂಟು. ದ್ವೈತಿಗಳ ಪ್ರಕಾರ ಆತಿಥೇಯನ ಬಾಣ ಬೇರೆ, ಅತಿಥಿಯ ಬಾಣ ಬೇರೆ. ಕಿಟಕಿಯೊಳಗೆ ಒಮ್ಮೆ ಕ್ಲಿಕ್ಕಿಸಿದರೆ ಇಲಿ ಬೋನಿಗೆ ಬಿತ್ತು. ಬಿಡುಗಡೆಗೆ ಹೋಸ್ಟ್ ಕೀ ಒತ್ತಬೇಕು. ವರ್ಚುವಲ್‌ಬಾಕ್ಸಿನಲ್ಲಿ ಅದು ಸಾಮಾನ್ಯವಾಗಿ ಬಲಗಡೆಯ ಕಂಟ್ರೋಲ್, ಮ್ಯಾಕ್‌ನವರಿಗೆ ಎಡಗಡೆಯ ಕಮಾಂಡ್. (ಮೋಕ್ಷಕ್ಕೂ ಎಡ-ಬಲದ ಜಗಳ ತಪ್ಪಿದ್ದಲ್ಲ.) ಗೆಸ್ಟ್ ಅಡಿಷನ್ಸ್ ಎಂಬ ದೀಕ್ಷೆ ಪಡೆದ ಅದ್ವೈತಿಗಳಿಗೆ ಎರಡೂ ಬಾಣಗಳು ಒಂದೇ, ಗಡಿಯೆಂಬುದೇ ಭ್ರಮೆ.

ಎರಡೂ ಕಡೆಯವರು ಒಂದು ಸೂಕ್ಷ್ಮವನ್ನು ಗಮನಿಸಿಲ್ಲವೆಂಬುದು ನಮ್ಮ ಸಿದ್ಧಾಂತ. ದೀಕ್ಷೆಯಾದ ಮೇಲೂ ಬಾಣದ ಸ್ಥಾನ ಹೊಸ ಹೆದ್ದಾರಿಯಲ್ಲಿ ಹೋದರೆ, ಗುಂಡಿ ಮತ್ತು ಚಕ್ರದ ಸುದ್ದಿ ಪಿಎಸ್/2 ಎಂಬ ಹಳೆಯ ಗಾಡಿಜಾಡಿನಲ್ಲೇ ಹೋಗುವುದುಂಟು. ಬಾಣಕ್ಕೆ ಅದ್ವೈತ, ಚಕ್ರಕ್ಕೆ ದ್ವೈತ! ಆ ಗಾಡಿಯಲ್ಲಿ ಒಂದು ಸಲಕ್ಕೆ ಮೂರೇ ಬೈಟ್ ಹಿಡಿಯುತ್ತದೆ. ಗುಂಡಿಗೆ ಜಾಗವುಂಟು, ಚಕ್ರಕ್ಕಿಲ್ಲ. ನಾಲ್ಕನೆಯ ಬೈಟ್ ಬೇಕೆಂದರೆ ಡ್ರೈವರ್ ಮಹಾಶಯ 200, 100, 80 ಎಂದು ಮೂರು ಬೀಜಸಂಖ್ಯೆಗಳನ್ನು ಇದೇ ಕ್ರಮದಲ್ಲಿ ಜಪಿಸಿ, ಆಮೇಲೆ ಗೋತ್ರ ಕೇಳಬೇಕು. ಇಲಿ ‘ಸೊನ್ನೆ’ ಎಂದರೆ ಚಕ್ರಹೀನ, ‘ಮೂರು’ ಎಂದರೆ ಚಕ್ರಪಾಣಿ. ಇದು ಪರಿಹಾಸ್ಯವಲ್ಲ, ಈ ಪ್ರಬಂಧದಲ್ಲಿ ಅಕ್ಷರಶಃ ನಿಜವಾದ ಮಾತು. ಜಪ ತಪ್ಪಿತೋ, ಗೋತ್ರ ಕೇಳುವುದು ಮರೆಯಿತೋ, ಕ್ಲಿಕ್ ಉಳಿಯುತ್ತದೆ, ಚಕ್ರ ಕೆಡುತ್ತದೆ.

ಲಿನಕ್ಸಿನ ಎಕ್ಸ್11 ಪಂಥ ಇನ್ನೂ ಕಠೋರ: ಚಕ್ರವೆಂಬುದೇ ಮಿಥ್ಯೆ. ಮೇಲಕ್ಕೆ ತಿರುಗಿಸಿದರೆ 4ನೆಯ ಗುಂಡಿ ಒತ್ತಿದಂತೆ, ಕೆಳಕ್ಕೆ ತಿರುಗಿಸಿದರೆ 5ನೆಯದು. ವಿಂಡೋಸಿನಲ್ಲಿ ಚಕ್ರದ ಒಂದು ಹಲ್ಲಿಗೆ 120 ಎಂಬ ಮೌಲ್ಯವಿದೆ. ಟಚ್‌ಪ್ಯಾಡ್ ನುಣ್ಣಗೆ ಸವರುತ್ತ ಐದು, ಹತ್ತು ಎಂದು ಚಿಲ್ಲರೆ ಕಳಿಸಿದಾಗ ತಕರಾರು ಶುರು. ಮರ್ಯಾದಸ್ಥ ತಂತ್ರಾಂಶ ಬಸ್ ಕಂಡಕ್ಟರನಂತೆ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದಿಟ್ಟು 120 ತುಂಬಿದಾಗ ತೀರಿಸುತ್ತದೆ. ಉಳಿದದ್ದು ಚಿಲ್ಲರೆ ನುಂಗಿ ಸುಮ್ಮನಿರುತ್ತದೆ, ಇಲ್ಲವೇ ಎಂಟಾಣೆಗೂ ಇಡೀ ಟಿಕೆಟ್ ಹರಿದು ಪುಟವನ್ನು ಪಾತಾಳಕ್ಕಿಳಿಸುತ್ತದೆ.

ಚಿಕಿತ್ಸೆ ಚಿಕ್ಕದು. ಅತಿಥಿಯನ್ನು ಪೂರ್ತಿ ಮಲಗಿಸಿ; ತೂಕಡಿಕೆ ಸಾಲದು. ವರ್ಚುವಲ್‌ಬಾಕ್ಸ್ ಸೆಟ್ಟಿಂಗಿನ ಸಿಸ್ಟಮ್ ವಿಭಾಗದಲ್ಲಿ ಪಾಯಿಂಟಿಂಗ್ ಡಿವೈಸ್ ಎಂಬಲ್ಲಿ ಪಿಎಸ್/2 ತೆಗೆದು ಯುಎಸ್‌ಬಿ ಟ್ಯಾಬ್ಲೆಟ್ ಕೊಡಿ. ನೀರಿನೊಂದಿಗೆ ಬೇಡ. ಗೆಸ್ಟ್ ಅಡಿಷನ್ಸ್ ಹಳತಾಗಿದ್ದರೆ ಪುನರ್ದೀಕ್ಷೆ ಮಾಡಿಸಿ.

ನಾವು ಮಾಡಿದೆವು. ಚಕ್ರ ತಿರುಗಿತು, ಪುಟವೂ ಚಲಿಸಿತು, ಆದರೆ ತಿರುಗುಮುರುಗಾಗಿ. ನಮ್ಮ ಆತಿಥೇಯ ಮ್ಯಾಕ್. 2011ರ ಲಯನ್ ಆವೃತ್ತಿಯಿಂದ ಅಲ್ಲಿ ಚಕ್ರವನ್ನು ಉಲ್ಟಾ ನಡೆಸುವುದಕ್ಕೆ ‘ಸಹಜ’ ಎಂದು ಹೆಸರು. ಆತಿಥೇಯ ತಿರುವಿ ಕೊಟ್ಟದ್ದನ್ನು ಅತಿಥಿ ಪ್ರಸಾದದಂತೆ ಕಣ್ಣಿಗೊತ್ತಿಕೊಂಡಿದ್ದ.

ಈ ಘಟ್ಟದಲ್ಲಿ ಚಾರ್ವಾಕ ಮತದ ಅಕ್ಕನ ಮಗಳು ಸೋಫಾದಿಂದಲೇ ಪೂರ್ವಪಕ್ಷ ಎತ್ತಿದಳು: “ಮಾಮ, ಇಷ್ಟೆಲ್ಲ ಯಾಕೆ? ಪೇಜ್ ಡೌನ್ ಒತ್ತಿದ್ರೆ ಆಗಲ್ವಾ?”

ಪ್ರತ್ಯಕ್ಷವೊಂದೇ ಪ್ರಮಾಣ ಎನ್ನುವವಳೊಡನೆ ವಾದವೇಕೆ? ಲ್ಯಾಪ್‌ಟಾಪನ್ನೇ ಅವಳತ್ತ ತಿರುಗಿಸಿದೆವು. ಆ ಹೆಸರಿನ ಕೀಲಿಯೇ ಅದರಲ್ಲಿರಲಿಲ್ಲ.