ಎಂತೆಲ್ಲ ಹಾಕುಕಿತ್ತ್?

ನಮ್ಮ ಕುಂದಾಪುರದ ಕಡೆ ಹಳೆ ಹಂಚಿನ ಮನೆಗೆ ಹೊಸದಾಗಿ ಅಟ್ಟ ಹಾಕಿಸಲು ಹೊರಟರೆ ಆಚಾರಿ ಟೇಪು ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳುತ್ತಾರೆ: “ಅಟ್ಟದ್ ಮೇಲೆ ಎಂತೆಲ್ಲ ಹಾಕುಕಿತ್ತ್?” ಬೈಂದೂರಿನಿಂದ ಬ್ರಹ್ಮಾವರದವರೆಗೆ ಇದಕ್ಕೆ ಸತ್ಯವಾದ ಉತ್ತರ ಕೊಟ್ಟ ಯಜಮಾನ ಇನ್ನೂ ಹುಟ್ಟಿಲ್ಲ. “ಹೆಚ್ಚೆಂತ ಇಲ್ಲೆ, ನಾಲ್ಕ್ ಹಳೆ ಪಾತ್ರೆ” ಎನ್ನುವುದು ವಾಡಿಕೆ. ಅನುಭವಸ್ಥ ಆಚಾರಿ ಅದನ್ನು ಕಿವಿಗೆ ಹಾಕಿಕೊಳ್ಳದೆ ಸೀದಾ ಅಡುಗೆಮನೆಗೆ ಹೋಗಿ ಮನೆಯ ಹಿರಿಯ ಹೆಂಗಸನ್ನು ವಿಚಾರಿಸುತ್ತಾರೆ.

ನಮ್ಮಲ್ಲಿ ಅಮ್ಮ ಪಟ್ಟಿ ಹೇಳತೊಡಗಿದಳು. ತಾಮ್ರದ ಹಂಡೆ. ಮದುವೆಯೂಟದ ಕೊಪ್ಪರಿಗೆ. ಮನೆಯ ಅಷ್ಟೂ ಜನ ಮಲಗಿ ಎದ್ದ ತೊಟ್ಟಿಲು. ಉಪ್ಪಿನಕಾಯಿ ಭರಣಿಗಳು. ಬೊಂಬಾಯಿಯಿಂದ ಮಾವ ತಂದ ಕಬ್ಬಿಣದ ಪೆಟ್ಟಿಗೆ. ಅದರ ಕೀಲಿಕೈ ಕಳೆದಿದೆ, ಒಳಗೆ ಏನಿದೆಯೆಂದು ಯಾರಿಗೂ ಗೊತ್ತಿಲ್ಲ, ಹಾಗಾಗಿ ಬಿಸಾಡುವಂತಿಲ್ಲ. ಮತ್ತೆ ಮಾಡಿನಿಂದ ಉಳಿದ ಹಂಚು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ಹಾಕಿದಂದಿನಿಂದ ಕರಾವಳಿಯವರು ಒಡೆಯದ ಹಂಚನ್ನು ಎಸೆದವರಲ್ಲ. ಒಂದೊಂದು 2 ಕಿಲೋಗೂ ಮಿಕ್ಕಿ ತೂಗುತ್ತದೆ. ನೂರು ಹಂಚು ಜೋಡಿಸಿಟ್ಟರೆ ಮೂರು ಜನ ದಢೂತಿ ನೆಂಟರು ಅಟ್ಟದಲ್ಲೇ ಬಿಡಾರ ಹೂಡಿದ ಲೆಕ್ಕ.

ಹಿಂದೆ ಅಟ್ಟಕ್ಕೆ ನಿಜವಾದ ಕೆಲಸವಿತ್ತು. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರು. ನೆಲದ ಮೇಲಿಟ್ಟದ್ದಕ್ಕೆಲ್ಲ ಬೂಸ್ಟು. ಆದ್ದರಿಂದ ಅಕ್ಕಿಮುಡಿ, ತೆಂಗಿನಕಾಯಿ, ಕಟ್ಟಿಗೆ ಎಲ್ಲವೂ ಮೇಲೆ. ಜಂತಿಗೆ ಬಾಳೆನಾರಿನಲ್ಲಿ ಕಟ್ಟಿದ ಸೌತೆಕಾಯಿ ಆಟಿ ದಾಟಿದರೂ ಕೆಡುತ್ತಿರಲಿಲ್ಲ. ಕೆಳಗಿನ ಒಲೆಯ ಹೊಗೆ ಇಡೀ ದಿನ ಜಂತಿಗೆ ಮೆತ್ತಿ ಅದನ್ನು ಕಪ್ಪಾಗಿಸುತ್ತಿತ್ತು, ಒರ್ಲಿ, ಕುಟ್ಟೆಹುಳವನ್ನೂ ದೂರ ಇಡುತ್ತಿತ್ತು. ಗ್ಯಾಸ್ ಬಂತು, ಹೊಗೆ ಹೋಯಿತು. ಹೊಗೆ ಬಿಟ್ಟ ಜಾಗಕ್ಕೆ ಒರ್ಲಿ ಬಂದು ಕೂತಿತು.

ಮರ ಯಾವುದು ಎಂಬ ಚರ್ಚೆಗೆ ಊರೇ ಸೇರಿತು. ಹಲಸು ಸಾಕೆಂದು ಒಬ್ಬರು. ತೆಂಗಾದರೆ ಬಲಿತದ್ದೇ ಆಗಬೇಕು, ತಿರುಳು ಮೆದು ಎಂದು ಇನ್ನೊಬ್ಬರು. ಕಿರಾಲುಬೋಗಿ ಸಿಕ್ಕಿದರೆ ಮೊಮ್ಮಕ್ಕಳವರೆಗೆ ಚಿಂತೆಯಿಲ್ಲ, ಮೇಲೆ ಗೇರೆಣ್ಣೆ ಬಳಿಯಿರಿ ಎಂದು ಮತ್ತೊಬ್ಬರು. ಇಂಜಿನಿಯರ್ ಅಳಿಯ ಮೊಬೈಲು ತೆರೆದು 1987ರ ಭಾರತೀಯ ಮಾನಕ ಓದಿದ: ವಾಸದ ಕೋಣೆಗೆ ಚದರ ಮೀಟರಿಗೆ 200 ಕಿಲೋ, ಉಗ್ರಾಣಕ್ಕೆ 300 ಕಿಲೋ ಹಿಡಿಯಬೇಕು. ನಮ್ಮ 10 ಅಡಿಗೆ 12 ಅಡಿಯ ಅಟ್ಟಕ್ಕೆ 3 ಟನ್ನಿಗೂ ಮಿಕ್ಕಿತು. ಅಮ್ಮ ಗಾಬರಿಯಿಂದ ಕೇಳಿದಳು: “ಅಷ್ಟ್ ಸಾಕಾತ್ತಾ?”

ಆಚಾರಿ ಲೆಕ್ಕ ಬರೆಯಲಿಲ್ಲ. ಒಂದು ರೀಪನ್ನು ಎರಡು ಮುರಕಲ್ಲಿನ ಮೇಲೆ ಅಡ್ಡ ಮಲಗಿಸಿ ಅಂಗೈಯಿಂದ ಒತ್ತಿದರು, ಬಾಗಿತು. ಅದನ್ನೇ ಮಗ್ಗುಲು ನಿಲ್ಲಿಸಿ ಒತ್ತಿದರು, ಜಪ್ಪಯ್ಯ ಅನ್ನಲಿಲ್ಲ. ನಾಲ್ಕಿಂಚಿಗೆ ಎರಡಿಂಚಿನ ಮರವನ್ನು ಮಲಗಿಸುವ ಬದಲು ನಿಲ್ಲಿಸಿದರೆ ಬಲ ಎರಡು ಪಟ್ಟು, ಬಾಗುವುದು ಕಾಲು ಭಾಗ ಎಂದು ಅಳಿಯ ತಲೆದೂಗಿದ. ಅಡಿಯೊಂದರ ಭಾರ ಅಷ್ಟೇ ಇದ್ದು ಗೋಡೆಯಿಂದ ಗೋಡೆಯ ದೂರ ಇಮ್ಮಡಿಯಾದರೆ ಬಾಗುವುದು 16 ಪಟ್ಟು. ಹಾಗಾಗಿ ಜಂತಿ ಕೋಣೆಯ ಗಿಡ್ಡ ಅಗಲಕ್ಕೇ ಬೀಳಬೇಕು. ಹಳೆ ಜಂತಿಯ ತುದಿ ಮುರಕಲ್ಲಿನ ಗೋಡೆಯೊಳಗೆ ಹೊಕ್ಕಲ್ಲಿ ಆಚಾರಿ ಉಳಿಯಿಂದ ಚುಚ್ಚಿದರು, ಪುಡಿ ಉದುರಿತು. ನಡುವೆ ಗಟ್ಟಿಯಿದ್ದ ಮರ ಗೋಡೆಯ ಪಸೆಗೆ ತುದಿಯಲ್ಲೇ ಲಡ್ಡಾಗಿತ್ತು.

ಕೊನೆಗೆ ಆರಿಂಚಿಗೆ ಮೂರಿಂಚಿನ ಬೋಗಿ, ಒಂದೂವರೆ ಅಡಿಗೊಂದು. ಅಟ್ಟ ಈಗ ಆನೆ ಹತ್ತಿದರೂ ಹಂದುವುದಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿ. ಮೊದಲೆಲ್ಲ ಯಾರು ಏನು ತಂದರೂ “ಅಟ್ಟ ತಡಿತ್ತಿಲ್ಲೆ” ಎಂದರೆ ಮಾತು ಮುಗಿಯುತ್ತಿತ್ತು. ಹರಕು ಹಾಸಿಗೆಯನ್ನು ಗುಜರಿಗೆ ಕೊಡುವಾಗಲೂ ಅದೇ ನೆಪ, ಅಮ್ಮನೂ ಸುಮ್ಮನಾಗುತ್ತಿದ್ದಳು. ಸೊರಗಿದ ಜಂತಿಗೆ ಮನೆ ಖಾಲಿ ಇಡುವ ಶಕ್ತಿಯಿತ್ತು. ಗಟ್ಟಿ ಜಂತಿ ಅದನ್ನು ಕಸಿದುಕೊಂಡಿತು. ಮೊನ್ನೆ ನೆರೆಮನೆಯವರು ಕೆಟ್ಟ ಗ್ರೈಂಡರನ್ನು ಇಬ್ಬರು ಹೊತ್ತು ತಂದು ಜಗಲಿಯಲ್ಲಿ ಇಳಿಸಿದರು. “ನಿಮ್ ಅಟ್ಟ ಭಾರೀ ಗಟ್ಟಿ ಇತ್ತಂಬ್ರಲೆ? ಮಗ ಬೆಂಗ್ಳೂರಿಂದ ಬಪ್ಪಲ್ಲಿವರೆಗೆ ಇಲ್ ಇರ್ಲಿ.” ಮಗ ಅಲ್ಲಿ ಹೋಟೆಲು ಇಟ್ಟವನು, ಬರುವಾಗ ಇನ್ನೊಂದು ಹಳೆ ಗ್ರೈಂಡರ್ ತರುವವನಿದ್ದಾನಂತೆ.